ಮೋಡಶಿಯಿಂದ ಕ್ರೈಸ್‌ಲೌಫ್‌ವರೆಗೆ: ಗೋವೆಯಲ್ಲಿ ರೋಗಿಯ ಮಾತು ಮತ್ತು ಅದರ ಅನುವಾದ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗವಿದೆ.)

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಂಡಿದ್ದೇನೆ. ಇವತ್ತಿನ ವಿಷಯ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಜರ್ಮನ್ನರು ಮನೆಮಾತಿನಲ್ಲಿ ತಮ್ಮ ಕಾಯಿಲೆಯನ್ನು ಹೇಳುವ ರೀತಿಯನ್ನು ಸಹಜವಾದ ಇಂಗ್ಲಿಷಿಗೆ ತರುವುದು ಹೇಗೆ ಅನ್ನೋದು ಪ್ರಶ್ನೆ. ಇದಕ್ಕೂ ಗೋವೆಗೂ, ಕನ್ನಡದವರಾದ ನಮಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ, ಅದು ಸುಮಾರು ನಾನೂರೈವತ್ತು ವರ್ಷ ಹಳೆಯದು. ಆದರೆ ಮೊದಲು ಒಂದು ಸಣ್ಣ ಘಟನೆ ಹೇಳ್ತೇನೆ.

ಉತ್ತರ ಗೋವೆಯ ಕಡಲದಂಡೆಯ ಊರೊಂದರ ಸಣ್ಣ ಕ್ಲಿನಿಕ್ಕು. ಜ್ವರ ಅಂತ ನಾನು ಹೋಗಿ ಕೂತಿದ್ದೆ. ನನ್ನ ಮುಂದೆ ಒಬ್ಬ ಜರ್ಮನ್ ಹೆಂಗಸು, ಐವತ್ತು ದಾಟಿದವರು. ಡಾಕ್ಟರು ಏನಾಗಿದೆ ಅಂತ ಕೇಳಿದಾಗ ಅವರು ಇಂಗ್ಲಿಷಿನಲ್ಲಿ 'ಐ ಹ್ಯಾವ್ ಸರ್ಕ್ಯುಲೇಶನ್' ಅಂದರು. ಅಂದ್ರೆ 'ನನಗೆ ರಕ್ತಪರಿಚಲನೆ ಇದೆ'. ಡಾಕ್ಟರು ನಕ್ಕು, 'ಅದು ಎಲ್ಲರಿಗೂ ಇರುತ್ತಲ್ಲ' ಅಂದರು. ಆಕೆ ಮತ್ತೆ ಅದನ್ನೇ ಹೇಳಿದರು, ಈ ಸಲ ಸ್ವಲ್ಪ ಸಿಟ್ಟಿನಿಂದ. ಪಕ್ಕದಲ್ಲಿದ್ದ ನರ್ಸು ಗದಗಿನ ಕಡೆಯವಳು. ನನ್ನ ಕಡೆ ತಿರುಗಿ, 'ಆಕಿಗೆ ತಲಿ ತಿರಗಾಕತ್ತೈತ್ರಿ. ಮಾರಿ ನೋಡ್ರಿ, ಹೆಂಗ ಬಿಳಿಚೇತಿ' ಅಂದಳು. ಮಲಗಿಸಿ, ಕಾಲ ಕೆಳಗೆ ದಿಂಬು ಇಟ್ಟಳು. ಆಮೇಲೆ ಡಾಕ್ಟರು ಬಿಪಿ ನೋಡಿದರು, ತೀರಾ ಇಳಿದಿತ್ತು.

ಆ ಹೆಂಗಸಿನ ಇಂಗ್ಲಿಷಿನಲ್ಲಿ ವ್ಯಾಕರಣದ ತಪ್ಪಿರಲಿಲ್ಲ. ಅವರ ಭಾಷೆಯಲ್ಲಿ 'ಕ್ರೈಸ್‌ಲೌಫ್' ಅಂದ್ರೆ ಪರಿಚಲನೆಯೇ. ನಿಘಂಟು ನೋಡಿದರೂ ಅದೇ ಸಿಗುತ್ತೆ. ಆದರೆ ಬಿಸಿಲಿನಲ್ಲಿ ನಿಂತಾಗ, ಹಾಸಿಗೆಯಿಂದ ತಟ್ಟನೆ ಎದ್ದಾಗ, ತಲೆ ಹಗುರಾಗಿ ಕಾಲು ಸೋತಂತೆ ಆದಾಗ ಜರ್ಮನ್ನರು 'ನನಗೆ ಕ್ರೈಸ್‌ಲೌಫ್' ಅಂತಾರೆ. ಸಹಜ ಇಂಗ್ಲಿಷಿನಲ್ಲಿ ಅದು 'ಐ ಫೀಲ್ ಫೇಂಟ್' ಆಗಬೇಕು. ಇದನ್ನು ಕೇಳಿ ನಾವು ನಗೋದಕ್ಕೆ ಮೊದಲು ನಮ್ಮ ಮಾತನ್ನೂ ಒಮ್ಮೆ ಕೇಳಿಸಿಕೊಳ್ಳೋಣ. ನಾವು 'ನನಗೆ ಬಿಪಿ ಇದೆ' ಅಂತೀವಿ. ರಕ್ತದೊತ್ತಡ ಇಲ್ಲದವರು ಬದುಕಿರುವುದಾದರೂ ಹೇಗೆ?

ನನ್ನ ವಾದ ಇಷ್ಟು. ರೋಗಿಯ ಆಡುಮಾತು ಅನ್ನೋದು ವೈದ್ಯಶಾಸ್ತ್ರದ ಪದದ ಕೆಟ್ಟುಹೋದ ರೂಪ ಅಲ್ಲ. ಅದರಲ್ಲಿ ಬೇರೆ ಮಾಹಿತಿ ಇರುತ್ತೆ: ಯಾವಾಗ ಶುರುವಾಯಿತು, ಎಲ್ಲಿ, ಎಷ್ಟು ಜೋರು, ಎಷ್ಟು ಹೆದರಿಕೆ. ಅನುವಾದಕ ಅದನ್ನು ಬಿಟ್ಟು ಹತ್ತಿರದ ಶಾಸ್ತ್ರನಾಮಕ್ಕೆ ಹೊಂದಿಸಿದಾಗ ಹೆಸರು ಸಿಗುತ್ತೆ, ಮಾಹಿತಿ ಹೋಗುತ್ತೆ. ಇದಕ್ಕೆ ಗೋವೆಯಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಒಂದು ಶಬ್ದದ ಪ್ರಯಾಣ

1543ರಲ್ಲಿ ಗೋವೆಯಲ್ಲಿ ಒಂದು ಭೀಕರ ರೋಗ ಬಂತು. ಪೋರ್ಚುಗೀಸ್ ಇತಿಹಾಸಕಾರ ಗಾಸ್ಪರ್ ಕೊರೆಯಾ ಅದನ್ನು ದಾಖಲಿಸಿದ್ದಾನೆ. ಹೊಟ್ಟೆನೋವು, ವಾಂತಿ, ಭೇದಿ, ಕೈಕಾಲು ಸೆಟೆದುಕೊಳ್ಳುವುದು, ಕೆಲವೇ ಗಂಟೆಗಳಲ್ಲಿ ಸಾವು. ಊರಿನ ಜನ ಇದನ್ನು ಏನಂತ ಕರೀತಾರೆ ಅನ್ನೋದನ್ನೂ ಅವನು ಬರೆದಿಟ್ಟ. ಅವನ ಕಿವಿಗೆ ಬಿದ್ದಿದ್ದು 'ಮೊರಿಶಿ'.

ಇಪ್ಪತ್ತು ವರ್ಷಗಳ ನಂತರ, 1563ರಲ್ಲಿ, ಗೋವೆಯಲ್ಲೇ ಒಂದು ಪುಸ್ತಕ ಅಚ್ಚಾಯಿತು. ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯ ಬರೆದ, ಭಾರತದ ಗಿಡಮೂಲಿಕೆ ಮತ್ತು ಔಷಧಗಳ ಕುರಿತ ಸಂವಾದಗಳು. ಓರ್ತಾ 1534ರಲ್ಲಿ ಗೋವೆಗೆ ಬಂದವನು. ಪುಸ್ತಕ ಬರೆಯುವಷ್ಟರಲ್ಲಿ ಸುಮಾರು ಮೂವತ್ತು ವರ್ಷ ಇಲ್ಲಿ ವೈದ್ಯ ಮಾಡಿದ್ದ. ಪುಸ್ತಕ ಲ್ಯಾಟಿನ್‌ನಲ್ಲಿಲ್ಲ, ಪೋರ್ಚುಗೀಸ್‌ನಲ್ಲಿದೆ. ಅದು ಪ್ರಬಂಧವೂ ಅಲ್ಲ, ಪೂರ್ತಿ ಮಾತುಕತೆ. ಯುರೋಪಿನಿಂದ ಹೊಸದಾಗಿ ಬಂದ ರುವಾನೋ ಎಂಬ ಕಲ್ಪಿತ ಪಂಡಿತ ಪ್ರಶ್ನೆ ಕೇಳ್ತಾನೆ, ಓರ್ತಾ ಉತ್ತರ ಹೇಳ್ತಾನೆ. ಆಂತೋನಿಯಾ ಎಂಬ ಮನೆಯ ದಾಸಿ ಗಿಡ, ಹಣ್ಣು ತಂದು ತೋರಿಸ್ತಾಳೆ. ಒಂದು ಕಡೆ ಮಾಲುಪ ಎಂಬ ಸ್ಥಳೀಯ ವೈದ್ಯನೂ ಬಂದು ಮಾತಾಡ್ತಾನೆ.

ಈ ಪುಸ್ತಕದಲ್ಲಿ ನಮ್ಮ ರೋಗ ಬರುತ್ತೆ. ಅಲ್ಲಿ ಓರ್ತಾ ಹೆಸರುಗಳನ್ನು ಸಾಲಾಗಿ ಇಡ್ತಾನೆ: ಯುರೋಪಿನ ವೈದ್ಯರ ಗ್ರಂಥಗಳಲ್ಲಿ 'ಕೊಲೆರಿಕಾ ಪಾಸ್ಸಿಯೋ', ಇಲ್ಲಿಯ ಜನರ ಬಾಯಲ್ಲಿ 'ಮೊರ್ಶಿ', ಪೋರ್ಚುಗೀಸರು ಅದನ್ನು ಕೆಡಿಸಿ ಆಡುವ ರೂಪ 'ಮೊರ್ದೆಶಿ', ಅರಬರದ್ದು ಇನ್ನೊಂದು. ನಮ್ಮವರು ಈ ಶಬ್ದವನ್ನು ಕೆಡಿಸಿದ್ದಾರೆ ಅಂತ ಅವನೇ ಒಪ್ಪಿಕೊಳ್ತಾನೆ. ಜೊತೆಗೆ ಇಲ್ಲಿ ಈ ರೋಗ ಯುರೋಪಿನದಕ್ಕಿಂತ ಬಹಳ ತೀವ್ರ ಅಂತಲೂ ಎಚ್ಚರಿಸ್ತಾನೆ. ಅಂದ್ರೆ ಎರಡು ಹೆಸರನ್ನೂ ಒಟ್ಟಿಗಿಟ್ಟು, ಇವು ಪೂರ್ತಿ ಒಂದೇ ಅಲ್ಲ ಎಂಬ ಸೂಚನೆಯನ್ನೂ ಉಳಿಸಿದ. ಅನುವಾದದ ದೃಷ್ಟಿಯಿಂದ ಇದು ದೊಡ್ಡ ಮಾತು.

ಮೂಲ ಶಬ್ದ ಯಾವುದು? ಕೊಂಕಣಿ, ಮರಾಠಿಯ 'ಮೋಡಶಿ'. ಅಜೀರ್ಣದಿಂದ ಆಗುವ ವಾಂತಿಭೇದಿಗೆ ಆ ಹೆಸರು. ಇದನ್ನು 'ಮೋಡಣೆ', ಅಂದ್ರೆ ಮುರಿಯುವುದು, ಕುಸಿಯುವುದು ಎಂಬ ಕ್ರಿಯಾಪದದ ಜೊತೆ ಜೋಡಿಸಿದವರು ಯೂಲ್ ಮತ್ತು ಬರ್ನೆಲ್. 1886ರಲ್ಲಿ ಬಂದ ಅವರ 'ಹಾಬ್ಸನ್-ಜಾಬ್ಸನ್' ಕೋಶವನ್ನು ನಿಮ್ಮಲ್ಲಿ ಹಲವರು ಬಳಸಿದ್ದೀರಿ. ಬರ್ನೆಲ್ ಹೆಸರು ತುಳು ಪಾಡ್ದನಗಳ ಅಧ್ಯಯನ ಮಾಡಿದವರಿಗೂ ಹೊಸದಲ್ಲ. ಮೈ ಮುರಿದು ಬೀಳುವ ರೋಗ ಅನ್ನೋದು ಇಲ್ಲಿಯ ಜನ ಕೊಟ್ಟ ಹೆಸರು. ಮರಾಠಿಯಲ್ಲಿ ಇವತ್ತಿಗೂ ಜ್ವರ ಬರುವ ಮುಂಚೆ 'ಅಂಗ್ ಮೋಡೂನ್ ಆಲಂ' ಅಂತಾರೆ. ನಾವು 'ಮೈಕೈ ಮುರಿದಂಗಾಗ್ತದೆ' ಅನ್ನೋ ಹಾಗೆ.

ಮುಂದೆ ಏನಾಯಿತು ನೋಡಿ. 1583ರಿಂದ 1588ರವರೆಗೆ ಗೋವೆಯಲ್ಲಿ ಆರ್ಚ್‌ಬಿಷಪ್ಪರ ಬಳಿ ಕೆಲಸಕ್ಕಿದ್ದ ಡಚ್ಚರವನು ಲಿನ್‌ಸ್ಖೋಟನ್. ಅವನ ಪ್ರವಾಸಗ್ರಂಥ 1596ರಲ್ಲಿ ಬಂತು, 1598ರಲ್ಲೇ ಇಂಗ್ಲಿಷಿಗೂ ಆಯಿತು. ಅದರಲ್ಲೂ ಈ ರೋಗ ಇದೆ, ಕೊನೆಯಲ್ಲಿ ಒಂದು ಅನುನಾಸಿಕ ಸೇರಿಸಿಕೊಂಡು 'ಮೊರ್ದೆಶಿಂ' ಎಂಬ ಥರದ ರೂಪದಲ್ಲಿ. 1670ರ ದಶಕದಲ್ಲಿ ಗೋವೆಯ ಇನ್‌ಕ್ವಿಸಿಷನ್ನಿನ ಸೆರೆಯಲ್ಲಿದ್ದ ಫ್ರೆಂಚ್ ವೈದ್ಯ ಡೆಲ್ಲೊನ್ ಕೂಡ ಇದರ ಬಗ್ಗೆ ಬರೀತಾನೆ. ಹಿಮ್ಮಡಿಗೆ ಕಾದ ಕಬ್ಬಿಣದಿಂದ ಬರೆ ಹಾಕುವ ಚಿಕಿತ್ಸೆಯನ್ನು ವಿವರಿಸ್ತಾನೆ. ಬರೆ ಹಾಕೋದು ನಮ್ಮ ಹಳ್ಳಿಗಳಿಗೆ ಹೊಸದಲ್ಲ ಬಿಡಿ.

ಫ್ರೆಂಚರ ಕಿವಿಗೆ ಈ 'ಮೊರ್ದೆಶಿಂ' ತಮ್ಮದೇ ಭಾಷೆಯ ಮಾತಾಗಿ ಕೇಳಿಸಿತು: 'ಮೊರ್ ದ ಶ್ಯಾಂ', ಅಂದ್ರೆ 'ನಾಯಿಯ ಸಾವು'. ರೋಗ ಭೀಕರವಾಗಿತ್ತಲ್ಲ, ಅರ್ಥವೂ ಹೊಂದಿಬಿಟ್ಟಿತು. ಇದೇ ಫ್ರೆಂಚ್ ರೂಪ ಇಂಗ್ಲಿಷ್ ವೈದ್ಯರ ಬರವಣಿಗೆಗೂ ಹೋಯಿತು. 19ನೇ ಶತಮಾನದ ಆರಂಭದಲ್ಲಿ ಭಾರತದ ರೋಗಗಳ ಬಗ್ಗೆ ಇಂಗ್ಲಿಷ್ ಸರ್ಜನ್ನರು ಬರೆದ ಪುಸ್ತಕಗಳಲ್ಲಿ ಕಾಲರಾ ಈ ಹೆಸರಿನಲ್ಲೂ ಕಾಣಿಸಿಕೊಳ್ಳುತ್ತೆ. ಗೋವೆಯ ಹೆಂಗಸರು 'ಮುರಿತ' ಅಂದದ್ದು ಲಂಡನ್ನಿಗೆ ತಲುಪುವಾಗ ನಾಯಿ ಆಗಿತ್ತು.

ಇಲ್ಲಿ ಮೂರು ಬಗೆಯ ಅನುವಾದ ನಡೆದಿದೆ. ಒಂದು, ಶಬ್ದವನ್ನು ಹಾಗೇ ಎತ್ತಿಕೊಳ್ಳುವುದು. ಮೊರ್ದೆಶಿ ಅದು. ಎರಡು, ಎತ್ತಿಕೊಂಡ ಶಬ್ದಕ್ಕೆ ತಮ್ಮ ಭಾಷೆಯ ಅರ್ಥ ಕಟ್ಟುವುದು. ನಾಯಿಯ ಸಾವು ಅದು. ಮೂರು, ಗ್ರಂಥದಲ್ಲಿ ಈಗಾಗಲೇ ಇರುವ ಹೆಸರಿಗೆ ಹೊಂದಿಸುವುದು. 'ಕೊಲೆರಿಕಾ ಪಾಸ್ಸಿಯೋ', ಆಮೇಲೆ 'ಕಾಲರಾ'. ಕಾಲರಾ ಅನ್ನೋದು ಗ್ರೀಕರ ಕಾಲದ ಹೆಸರು, ಪಿತ್ತಕ್ಕೆ ತಳುಕು ಹಾಕಿಕೊಂಡದ್ದು. ಯುರೋಪಿನಲ್ಲಿ ಬೇಸಿಗೆಯಲ್ಲಿ ಬರುವ ಸಾಮಾನ್ಯ ವಾಂತಿಭೇದಿಗೂ ಅದೇ ಹೆಸರಿತ್ತು. 1817ರಿಂದ ಬಂಗಾಳದ ಕಡೆಯಿಂದ ಹೊರಟ ಮಹಾಮಾರಿಗೂ ಅದೇ ಹೆಸರು ಅಂಟಿತು. ಆಮೇಲೆ ಅದು ಬೇರೆ, ಇದು ಬೇರೆ ಅಂತ ತಿಳಿಸೋದಕ್ಕೆ 'ಏಷ್ಯಾಟಿಕ್' ಅಂತ ವಿಶೇಷಣ ಸೇರಿಸಬೇಕಾಯಿತು.

ನಾಲ್ಕನೆಯ ದಾರಿ ಒಂದಿತ್ತು. ರೋಗಿ ಏನು ಕಂಡು ಆ ಮಾತು ಆಡಿದ ಅಂತ ಕೇಳಿ, ಅದೇ ಅನುಭವಕ್ಕೆ ನಮ್ಮ ಭಾಷೆಯಲ್ಲಿ ಜನ ಏನಂತಾರೆ ಅಂತ ಹುಡುಕುವುದು. ಸ್ವಾರಸ್ಯ ಎಂದರೆ ಇಂಗ್ಲಿಷ್ ವೈದ್ಯರ ಬಳಿ ಆ ಮಾತು ಇತ್ತು. ಕಾಲರಾ ರೋಗಿಯ ಮೈ ತಣ್ಣಗಾಗಿ, ನಾಡಿ ಸಿಗದೆ, ಕಣ್ಣು ಗುಳಿಬೀಳುವ ಹಂತವನ್ನು ಅವರು 'ಕೊಲ್ಯಾಪ್ಸ್' ಅಂತ ಕರೆಯುತ್ತಿದ್ದರು. ಅಂದ್ರೆ ಕುಸಿತ. ಮೋಡಶಿಯ ಅರ್ಥವೂ ಹೆಚ್ಚುಕಡಿಮೆ ಅದೇ. ಹಾಸಿಗೆಯ ಪಕ್ಕದಲ್ಲಿ ವೈದ್ಯರು ಕಂಡದ್ದು ಊರಿನವರು ಕಂಡದ್ದನ್ನೇ. ಆದರೆ ಹೆಸರು ಕೊಡುವಾಗ ಎರಡೂ ಭೇಟಿಯಾಗಲೇ ಇಲ್ಲ.

ಮಾತುಕತೆ ಬಿದ್ದುಹೋದದ್ದು

ಇಲ್ಲಿ ಓರ್ತಾನ ಪುಸ್ತಕದ ಗತಿಯನ್ನೂ ನೋಡಬೇಕು. 1567ರಲ್ಲಿ ಕ್ಲೂಸಿಯಸ್ ಎಂಬ ಸಸ್ಯಪಂಡಿತ ಅದನ್ನು ಲ್ಯಾಟಿನ್ನಿಗೆ ಸಂಗ್ರಹಿಸಿ ಆಂಟ್ವೆರ್ಪ್‌ನಲ್ಲಿ ಪ್ರಕಟಿಸಿದ. ಯುರೋಪು ಓದಿದ್ದು ಬಹುಮಟ್ಟಿಗೆ ಈ ರೂಪವನ್ನೇ. ಕ್ಲೂಸಿಯಸ್ ಸಂವಾದವನ್ನು ತೆಗೆದುಹಾಕಿ, ವಿಷಯವನ್ನು ಕ್ರಮಬದ್ಧವಾಗಿ ಜೋಡಿಸಿದ. ಪಂಡಿತರಿಗೆ ಅನುಕೂಲವಾಯಿತು, ನಿಜ. ಆದರೆ ರುವಾನೋ ಕೇಳಿದ ಪ್ರಶ್ನೆ, ಆಂತೋನಿಯಾ ತಂದು ತೋರಿಸಿದ್ದು, ಮಾತಿನ ನಡುವೆ ರೋಗಿಯ ಮನೆಯಿಂದ ಬರುವ ಕರೆ, ಯಾರು ಯಾರಿಗೆ ಯಾವ ಭಾಷೆಯಲ್ಲಿ ಹೇಳಿದರು ಅನ್ನೋದು ಎಲ್ಲವೂ ಹೋಯಿತು. ಕ್ಲೆಮೆಂಟ್ಸ್ ಮಾರ್ಕಂ ಸಂವಾದರೂಪದಲ್ಲೇ ಇಂಗ್ಲಿಷಿಗೆ ತಂದದ್ದು 1913ರಲ್ಲಿ. ಲೆಕ್ಕ ಹಾಕಿ, ಮುನ್ನೂರೈವತ್ತು ವರ್ಷ.

ಇದನ್ನು ಯಾಕೆ ಹೇಳ್ತಿದ್ದೇನೆ ಅಂದ್ರೆ, ಆಡುಮಾತಿನ ಅರ್ಥ ಇರೋದು ಆ ಮಾತುಕತೆಯ ಒಳಗೆ. ಲಿನ್‌ಸ್ಖೋಟನ್ ಒಂದು ಕುತೂಹಲದ ಸಂಗತಿ ಬರೆದಿದ್ದಾನೆ: ಗೋವೆಯಲ್ಲಿ ವೈಸರಾಯ್, ಆರ್ಚ್‌ಬಿಷಪ್ಪರಂಥವರೂ ತಮ್ಮ ದೇಶದ ವೈದ್ಯರಿಗಿಂತ ಇಲ್ಲಿಯ ವೈದ್ಯರನ್ನೇ ಹೆಚ್ಚು ನಂಬುತ್ತಿದ್ದರು. ಹಾಗಾದ್ರೆ ಒಬ್ಬ ಪೋರ್ಚುಗೀಸ್ ರೋಗಿ ಕೊಂಕಣಿ ಮಾತಿನ ವೈದ್ಯನಿಗೆ ತನ್ನ ಹೊಟ್ಟೆಯ ಸಂಗತಿಯನ್ನು ದಿನಾ ಹೇಳುತ್ತಿದ್ದ ಅಂತಾಯ್ತು. ಅರ್ಧ ಪೋರ್ಚುಗೀಸ್, ಅರ್ಧ ಕೊಂಕಣಿ, ಉಳಿದದ್ದು ಕೈಸನ್ನೆ. ಮೊರ್ದೆಶಿ ಹುಟ್ಟಿದ್ದು ಇಂಥ ಕಡೆ, ಗ್ರಂಥಾಲಯದಲ್ಲಲ್ಲ.

1842ರಲ್ಲಿ ಪಣಜಿಯಲ್ಲಿ ವೈದ್ಯಕೀಯ ಶಾಲೆ ಸ್ಥಾಪನೆಯಾಯಿತು. ಅಲ್ಲಿ ಪಾಠದ ಭಾಷೆ ಪೋರ್ಚುಗೀಸ್. 1961ರಲ್ಲಿ ಗೋವೆಯ ವಿಮೋಚನೆಯಾದ ಮೇಲೆ ವೈದ್ಯರ ಪುಸ್ತಕದ ಭಾಷೆ ಇಂಗ್ಲಿಷ್ ಆಯಿತು. ರೋಗಿಯ ಭಾಷೆ ಮಾತ್ರ ಆಗಲೂ ಈಗಲೂ ಕೊಂಕಣಿ, ಮರಾಠಿ. ಈಗ ಅದಕ್ಕೆ ಕನ್ನಡ, ಹಿಂದಿ, ಕಡಲದಂಡೆಯಲ್ಲಿ ರಷ್ಯನ್, ಜರ್ಮನ್ ಕೂಡ ಸೇರಿವೆ.

ಜರ್ಮನ್ನಿಗೆ ಬರೋಣ

ನಮ್ಮ ಕರಾವಳಿಗೂ ಜರ್ಮನ್ ಮಾತಿನವರಿಗೂ ನಂಟು ಹಳೆಯದು. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಜರ್ಮನಿಯ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಾನು ಯಾವಾಗಲೂ ಯೋಚಿಸೋದು ಇದು: ಕಿಟೆಲ್ ಕೇಳಿಸಿಕೊಂಡದ್ದು ಕನ್ನಡ, ಬರೆದದ್ದು ಇಂಗ್ಲಿಷ್, ನಡುವೆ ಇದ್ದದ್ದು ಪುಸ್ತಕದಲ್ಲಿ ಎಲ್ಲೂ ಕಾಣಿಸದ ಜರ್ಮನ್. ಕನ್ನಡದ ಒಂದು ಮಾತು ಇಂಗ್ಲಿಷಿಗಿಂತ ಜರ್ಮನ್ನಿಗೆ ಸಲೀಸಾಗಿ ಹೋಗುತ್ತಿತ್ತು ಅನ್ನುವ ಸಂದರ್ಭಗಳು ಖಂಡಿತ ಇವೆ.

ಉದಾಹರಣೆಗೆ, ನಮ್ಮ 'ಕಣ್ಣಿಗೆ ಕತ್ತಲೆ ಬಂತು'. ಜರ್ಮನ್ನರೂ 'ಕಣ್ಣ ಮುಂದೆ ಕಪ್ಪಾಯಿತು' ಅಂತಲೇ ಹೇಳ್ತಾರೆ. ಸಹಜ ಇಂಗ್ಲಿಷಿನಲ್ಲಿ 'ಐ ನಿಯರ್ಲಿ ಬ್ಲ್ಯಾಕ್ಡ್ ಔಟ್' ಆಗುತ್ತೆ, ಕಣ್ಣು ಅಲ್ಲಿ ಬಿಟ್ಟುಹೋಗುತ್ತೆ. ಹಾಗೆಯೇ 'ವಾಂತಿಭೇದಿ'. ಜರ್ಮನ್‌ನಲ್ಲಿ ಇದಕ್ಕೆ 'ಬ್ರೆಷ್‌ಡುರ್ಶ್‌ಫಾಲ್'. ಮೊದಲ ಭಾಗ ವಾಂತಿ, ಎರಡನೆಯದು ಭೇದಿ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದನ್ನೇ ಇಂಗ್ಲಿಷಿನಲ್ಲಿ ಡಾಕ್ಟರಿಗೆ 'ಗ್ಯಾಸ್ಟ್ರೋಎಂಟರೈಟಿಸ್' ಅಂತಲೋ ಅಮ್ಮನಿಗೆ 'ಟಮ್ಮಿ ಬಗ್' ಅಂತಲೋ ಹೇಳಬೇಕು. ಯಾರಿಗೆ ಹೇಳ್ತಿದ್ದೀವಿ ಅನ್ನೋದರ ಮೇಲೆ ಪದ ಬದಲಾಗುತ್ತೆ.

1831ರಲ್ಲಿ ಕಾಲರಾ ಬರ್ಲಿನ್ನಿಗೆ ಬಂತು. ಆ ಕಾಲದ ಜರ್ಮನ್‌ನಲ್ಲಿ ಅದಕ್ಕೆ ಇನ್ನೊಂದು ಹೆಸರೂ ಇತ್ತು: 'ಬ್ರೆಷ್‌ರೂರ್'. ಇದೂ ವಾಂತಿ ಮತ್ತು ಭೇದಿಯೇ. ಆದರೆ ಇಲ್ಲಿ ಒಂದು ಮಜಾ ಇದೆ. ಜರ್ಮನ್ನಿನ 'ಬ್ರೆಷನ್' ಕ್ರಿಯಾಪದಕ್ಕೆ ವಾಂತಿ ಮಾಡು ಎಂಬ ಅರ್ಥ ಇದೆ, ಮುರಿ ಎಂಬ ಅರ್ಥವೂ ಇದೆ. ಗೋವೆಯ 'ಮೋಡಶಿ'ಯಲ್ಲೂ ಮುರಿತ, ಬರ್ಲಿನ್ನಿನ 'ಬ್ರೆಷ್‌ರೂರ್'ನಲ್ಲೂ ಮುರಿತ. ದಯವಿಟ್ಟು ಇದನ್ನು ವ್ಯುತ್ಪತ್ತಿ ಅಂತ ಬರೆದುಕೊಳ್ಳಬೇಡಿ, ಎರಡಕ್ಕೂ ಶಬ್ದಸಂಬಂಧ ಇಲ್ಲ. ಎರಡೂ ಕಡೆ ಜನರ ಮಾತು ಮೈಯಿಂದ ಶುರುವಾಯಿತು ಅನ್ನೋದಷ್ಟೇ ನನ್ನ ಅಂಶ.

ಇನ್ನು ಕೆಲವು. ಜರ್ಮನ್ನರು 'ನನಗೆ ಮಾಗನ್-ಡಾರ್ಮ್' ಅಂತಾರೆ. ಅಕ್ಷರಶಃ 'ನನಗೆ ಜಠರ-ಕರುಳು ಇದೆ'. ಅರ್ಥ, ಹೊಟ್ಟೆ ಕೆಟ್ಟಿದೆ, ಯಾರಿಂದಲೋ ಅಂಟಿಕೊಂಡಿದೆ. ಮತ್ತೊಂದು, 'ಹೆಕ್ಸನ್‌ಶುಸ್'. ಅಕ್ಷರಶಃ 'ಮಾಟಗಾತಿ ಹೊಡೆದ ಬಾಣ'. ಬಗ್ಗಿ ಏಳುವಾಗ ತಟ್ಟನೆ ಸೊಂಟ ಹಿಡಿಯುತ್ತಲ್ಲ, ಅದು. ಇಂಗ್ಲಿಷ್ ನಿಘಂಟು 'ಲಂಬೇಗೋ' ಅನ್ನುತ್ತೆ. ಆದರೆ ಇಂಗ್ಲಿಷಿನವರು ಡಾಕ್ಟರ ಹತ್ತಿರ ಹೋಗಿ ಹೇಳೋದು 'ಮೈ ಬ್ಯಾಕ್ ಹ್ಯಾಸ್ ಗಾನ್' ಅಂತ. ಇಲ್ಲಿ ಮಾಟಗಾತಿಯನ್ನು ಬಿಡಬಹುದು, 'ತಟ್ಟನೆ' ಅನ್ನೋದನ್ನು ಬಿಡೋ ಹಾಗಿಲ್ಲ. ಡಾಕ್ಟರಿಗೆ ಬೇಕಾದ್ದು ಅದೇ.

ಸಹಜತೆಯ ಅಪಾಯ

ಇಲ್ಲಿಯವರೆಗೆ ಕೇಳಿದವರಿಗೆ, ಸಹಜ ಇಂಗ್ಲಿಷ್ ಬಂದರೆ ಸಾಕು, ಎಲ್ಲ ಸರಿಹೋಯಿತು ಅನ್ನಿಸಬಹುದು. ಹಾಗಿಲ್ಲ. ನಮ್ಮದೇ ಒಂದು ಮಾತು ತಗೊಳ್ಳೋಣ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಸಾವಿರಾರು ಜನ ಗೋವೆಯಲ್ಲಿ ಕಟ್ಟಡದ ಕೆಲಸ, ಮೀನಿನ ಕೆಲಸ ಮಾಡ್ಕೊಂಡಿದ್ದಾರೆ. ಅವರಲ್ಲೊಬ್ಬರು ರಾತ್ರಿ ಆಸ್ಪತ್ರೆಗೆ ಬಂದು, 'ಎದಿ ಹಿಡದಂಗ ಆಗೇತ್ರಿ, ಗ್ಯಾಸ್ ಆಗೇತಿ' ಅಂದರೆ ಜೊತೆಗೆ ಬಂದವನು ಏನಂತ ಅನುವಾದ ಮಾಡ್ತಾನೆ? 'ಗ್ಯಾಸ್ಟ್ರಿಕ್ ಪ್ರಾಬ್ಲಂ' ಅಂತ. ತುಂಬಾ ಸಹಜವಾದ ಇಂಡಿಯನ್ ಇಂಗ್ಲಿಷ್. ಆದರೆ ರೋಗಿ ಎರಡು ಮಾತು ಹೇಳಿದ್ದ. ಒಂದು ತಾನು ಕಂಡದ್ದು, ಎದೆ ಹಿಡಿದಂತಾಗಿದೆ. ಇನ್ನೊಂದು ತಾನು ಊಹಿಸಿದ್ದು, ಗ್ಯಾಸ್. ಅನುವಾದಕ ಊಹೆಯನ್ನು ದಾಟಿಸಿ, ಕಂಡದ್ದನ್ನು ಬಿಟ್ಟ. ಅದು ಹೃದಯಾಘಾತ ಆಗಿದ್ದರೆ?

ಮೂರನೆಯ ದಾರಿಯೂ ಮಾಡಿದ್ದು ಇದನ್ನೇ. ಮುರಿತ ಅನ್ನೋ ಅನುಭವವನ್ನು ಬಿಟ್ಟು, ಪಿತ್ತ ಅನ್ನೋ ಊಹೆಯನ್ನು ಹೆಸರಾಗಿ ದಾಟಿಸಿತು. ಕ್ಲಿನಿಕ್ಕಿನ ಆ ಜರ್ಮನ್ ಹೆಂಗಸಿನ 'ಸರ್ಕ್ಯುಲೇಶನ್' ಕೂಡ ಒಂದು ಊಹೆಯೇ. ನರ್ಸು ಅದನ್ನು ಬದಿಗಿಟ್ಟು ಮುಖ ನೋಡಿದಳು.

ಹಾಗಾಗಿ ನಾನು ವಿದ್ಯಾರ್ಥಿಗಳಿಗೆ ಹೇಳೋದು ಎರಡೇ. ಮೊದಲು, ರೋಗಿಯ ವಾಕ್ಯದಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಬೇರ್ಪಡಿಸಿ. ಎರಡನ್ನೂ ದಾಟಿಸಿ, ಆದರೆ ಬೇರೆ ಬೇರೆಯಾಗಿ. ಆಮೇಲೆ, ಕಂಡದ್ದನ್ನು ಆ ಭಾಷೆಯ ರೋಗಿ ಹೇಗೆ ಹೇಳ್ತಾನೋ ಹಾಗೆ ಹೇಳಿ, ಡಾಕ್ಟರು ಬರೆಯುವ ಹಾಗಲ್ಲ. ಹೆಸರಿಡೋದು ಡಾಕ್ಟರ ಕೆಲಸ.

ಪ್ರಶ್ನೋತ್ತರ

ಪ್ರಶ್ನೆ: ಹಾಗಾದ್ರೆ ಮೂಲ ಶಬ್ದವನ್ನೇ ಇಟ್ಟು, ಪಕ್ಕದಲ್ಲಿ ವಿವರಣೆ ಕೊಟ್ಟರೆ ಸಾಲದೇ ಸರ್? ಮೊರ್ದೆಶಿ ಅಂತ ಇಟ್ಟಿದ್ದಕ್ಕೇ ಅಲ್ವಾ ಇವತ್ತು ನಮಗೆ ಮೋಡಶಿ ಸಿಕ್ಕಿದ್ದು?

ಉತ್ತರ: ಒಳ್ಳೆ ಮಾತು. ಚರಿತ್ರೆ ಬರೆಯುವವರಿಗೆ ಹೌದು, ಶಬ್ದ ಉಳಿದದ್ದು ದೊಡ್ಡ ಉಪಕಾರ. ಓರ್ತಾ, ಕೊರೆಯಾ ಅದನ್ನು ಬರೆದಿಡದಿದ್ದರೆ ನನ್ನ ಇವತ್ತಿನ ಮಾತೇ ಇರ್ತಿರಲಿಲ್ಲ. ಆದರೆ ಶಬ್ದ ಒಂದೇ ಪ್ರಯಾಣ ಮಾಡಿ, ಸಂದರ್ಭ ಹಿಂದೆ ಉಳಿದರೆ ಅದು ನಾಯಿ ಆಗುತ್ತೆ. ಗ್ರಂಥದಲ್ಲಿ ಎರಡನ್ನೂ ಇಡಿ. ಆಸ್ಪತ್ರೆಯಲ್ಲಿ ಅಷ್ಟು ಹೊತ್ತು ಇರೋದಿಲ್ಲ, ಅಲ್ಲಿ ಅನುಭವವನ್ನು ದಾಟಿಸಿ.

ಪ್ರಶ್ನೆ: ನಾನು ವೈದ್ಯೆ. ಒಂದು ಓಪಿಡಿಯಲ್ಲಿ ನೂರು ಜನರನ್ನು ನೋಡಬೇಕಾಗುತ್ತೆ. ಕಂಡದ್ದು, ಊಹಿಸಿದ್ದು ಅಂತ ಬಿಡಿಸ್ತಾ ಕೂರೋಕೆ ಆಗುತ್ತಾ?

ಉತ್ತರ: ಮೇಡಂ, ನಿಮ್ಮ ಕಷ್ಟ ಅರ್ಥವಾಗುತ್ತೆ. ಅದಕ್ಕೇ ನಾನು ವೈದ್ಯರಿಗಲ್ಲ, ಜೊತೆಗೆ ಬರುವ ಅನುವಾದಕರಿಗೆ ಹೇಳ್ತಿರೋದು. 'ಎದೆ ಹಿಡಿದಿದೆ ಅಂತಾರೆ, ಗ್ಯಾಸ್ ಇರಬಹುದು ಅಂತ ಅವರಿಗೆ ಅನುಮಾನ' ಅನ್ನೋದಕ್ಕೆ ಐದು ಸೆಕೆಂಡು ಹೆಚ್ಚು ಬೇಕು, ಅಷ್ಟೆ. ಆ ಐದು ಸೆಕೆಂಡು ನಿಮಗೆ ಇಸಿಜಿ ಮಾಡಿಸಬೇಕೋ ಬೇಡವೋ ಅನ್ನೋದನ್ನು ತಿಳಿಸಬಹುದು.

ಪ್ರಶ್ನೆ: ಮೊಬೈಲಿನಲ್ಲಿ ಈಗ ಯಂತ್ರವೇ ಅನುವಾದ ಮಾಡುತ್ತಲ್ಲ?

ಉತ್ತರ: ಮಾಡುತ್ತೆ, ಮತ್ತು ದಿನದಿನಕ್ಕೆ ಚೆನ್ನಾಗಿ ಮಾಡುತ್ತೆ. ಕ್ರೈಸ್‌ಲೌಫ್ ಅನ್ನು ಸರಿಯಾಗಿ 'ತಲೆಸುತ್ತು' ಅಂದರೂ ಅನ್ನಬಹುದು. ಆದರೆ ಯಂತ್ರಕ್ಕೆ ಕೊಟ್ಟದ್ದು ಶಬ್ದ ಮಾತ್ರ. ಬಿಳಿಚಿದ ಮುಖವನ್ನು ಅದಕ್ಕೆ ಯಾರೂ ತೋರಿಸಿರೋದಿಲ್ಲ. ನನ್ನ ಕೋರಿಕೆ ಬೇರೆ. ನೀವು ಬೇರೆ ಬೇರೆ ಜಿಲ್ಲೆಯವರು. ನಿಮ್ಮ ಮನೆಯಲ್ಲಿ ಅಜ್ಜಿ, ತಾಯಿ ಕಾಯಿಲೆ ಬಂದಾಗ ಏನಂತಾರೆ ಅಂತ ಬರೆದುಕೊಳ್ಳಿ. ಶಬ್ದ ಒಂದನ್ನೇ ಅಲ್ಲ, ಯಾರಿಗೆ ಹೇಳಿದರು, ಆಗ ಏನಾಗಿತ್ತು ಅನ್ನೋದನ್ನೂ. ಮುಂದಿನ ಸಲ ಸೇರುವಾಗ ಒಬ್ಬೊಬ್ಬರು ಹತ್ತು ಮಾತು ತಂದರೂ ಸಾಕು, ಕೆಲಸ ಶುರುಮಾಡಬಹುದು.

ಸಮಯ ಮೀರಿದೆ.